ಹೊಸ ಲೇಔಟಿನ ಹಸಿರಿಗೆ ಏನು ಕೇಳಬೇಕು?

ಪ್ರಶ್ನೆ: ನಮ್ಮದು ಶಿವಮೊಗ್ಗದ ಹೊರವಲಯದ ಬಡಾವಣೆ. ಸುತ್ತಲೂ ಲೇಔಟ್‌ಗಳು ಏಳುತ್ತಿವೆ, ಒಂದರಲ್ಲೂ ನೆರಳಿಲ್ಲ. ಲೇಔಟ್ ಮಾಡುವವರು, ಮನೆ ಕಟ್ಟುವವರು ಇಂತಿಷ್ಟು ಗಿಡ ನೆಡಲೇಬೇಕು ಅಂತ ನಿಯಮ ತಿದ್ದಿ ಎಂದು ಸಂಘದಿಂದ ಮನವಿ ಕೊಡಬೇಕೆಂದಿದ್ದೇವೆ. ಏನೇನು ಕೇಳಬೇಕು? ಯಾರಿಗೆ ಕೊಡಬೇಕು?

ಉತ್ತರ: ಮನವಿ ಖಂಡಿತ ಕೊಡಿ. ಆದರೆ ‘ಇಂತಿಷ್ಟು ಗಿಡ’ ಎಂಬ ಸಾಲನ್ನು ಮೊದಲು ತೆಗೆದುಬಿಡಿ. ತಪಾಸಣೆಯ ಹಿಂದಿನ ದಿನ ನರ್ಸರಿಯಿಂದ ಗಿಡ ತಂದು ನಿಲ್ಲಿಸಿ ಫೋಟೋ ತೆಗೆದರೆ ಆ ನಿಯಮ ಮುಗಿಯಿತು. ಮಾರ್ಚ್ ಹೊತ್ತಿಗೆ ಅಲ್ಲಿ ಒಣಕಡ್ಡಿ ಇರುತ್ತದೆ, ಅಷ್ಟೆ.

ನೀವು ಕೇಳಬೇಕಾದ್ದು ಮಣ್ಣು. ಜೆಸಿಬಿ ಬಂದ ದಿನವೇ ಮೇಲ್ಮಣ್ಣು ಕೆರೆದು ಲಾರಿ ಹತ್ತುತ್ತದೆ. ಉಳಿಯುವುದು ಗಟ್ಟಿ ಕೆಂಪು ನೆಲ, ಅದರ ಮೇಲೂ ರೋಲರ್ ಓಡುತ್ತದೆ. ಅಲ್ಲಿ ಒಂದಡಿ ಗುಂಡಿ ತೋಡಿ ಹೊಂಗೆ ನೆಟ್ಟರೆ ಜುಲೈನಲ್ಲಿ ಗುಂಡಿ ತುಂಬ ನೀರು ನಿಂತು ಬೇರು ಕೊಳೆಯುತ್ತದೆ. ಉಳಿದುಕೊಂಡರೆ ಬೇಸಿಗೆಯಲ್ಲಿ ಒಣಗುತ್ತದೆ. ಮರ ನೀರು, ಗೊಬ್ಬರ ಎಳೆದುಕೊಳ್ಳುವುದು ಬಹುಪಾಲು ಮೇಲಿನ ಎರಡಡಿ ಮಣ್ಣಿನಿಂದಲೇ. ಹಾಗಾಗಿ ಮೇಲ್ಮಣ್ಣನ್ನು ಅಲ್ಲೇ ರಾಶಿ ಹಾಕಿಟ್ಟು, ಕೆಲಸ ಮುಗಿದ ಮೇಲೆ ಪಾರ್ಕಿಗೂ ರಸ್ತೆ ಬದಿಗೂ ಹರಡಬೇಕು ಎಂಬ ಷರತ್ತು ಕೇಳಿ. ಮನೆ ಸೈಟುಗಳಲ್ಲಿ ಕಟ್ಟಡದ ಸುತ್ತ ಖಾಲಿ ಬಿಡುವ ಜಾಗ, ಅಂದರೆ ಸೆಟ್‌ಬ್ಯಾಕ್ ಪೂರ್ತಿ ಇಂಟರ್‌ಲಾಕ್ ಹಾಸುವ ಚಾಳಿ ಶುರುವಾಗಿದೆ. ಅದರಲ್ಲಿ ಒಂದು ಪಾಲು ಬರೀ ಮಣ್ಣಾಗಿಯೇ ಇರಲಿ. ಮಳೆ ನೀರು ಇಂಗಬೇಕಾದ್ದೂ ಅಲ್ಲೇ ಅಲ್ವಾ?

ಇನ್ನು ಪಾರ್ಕು. ನಕ್ಷೆಯಲ್ಲಿ ಅದು ಇದ್ದೇ ಇರುತ್ತದೆ. ಎಲ್ಲಿದೆ ನೋಡಿ: ಸೈಟ್ ಆಗದ ಮೂಲೆ, ಇಲ್ಲವೇ ಹೈಟೆನ್ಷನ್ ತಂತಿಯ ಕೆಳಗೆ. ಅಲ್ಲಿ ಮರ ಬೆಳೆಸುವಂತೆಯೇ ಇಲ್ಲ. ಅಂಥ ಜಾಗವನ್ನು ಪಾರ್ಕಿನ ಲೆಕ್ಕಕ್ಕೆ ಹಿಡಿಯಬಾರದು ಎಂದು ಬರೆಯಿರಿ.

ಗಿಡ ಬದುಕಿಸಲು ಠೇವಣಿ ಇಡಿಸಬೇಕು. ಮೂರು ಬೇಸಿಗೆ ದಾಟಿದ ಗಿಡ ಎಣಿಸಿ ವಾಪಸ್ ಕೊಡಲಿ. ಎಣಿಕೆ ಮೇ ತಿಂಗಳಲ್ಲೇ ಆಗಬೇಕು. ಆಗಸ್ಟಿನಲ್ಲಿ ಮಲೆನಾಡಲ್ಲಿ ಬೇಲಿ ಗೂಟವೂ ಚಿಗುರುತ್ತದೆ!

ಜಾತಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೇರಳೆ, ರಂಜ, ಹೊಂಗೆ, ಹೊಳೆದಾಸವಾಳ ಸಾಕು. ಬೇಗ ಬೆಳೆಯುವ ವಿದೇಶಿ ಗಿಡ ಕೋನೋಕಾರ್ಪಸ್ ಮಾತ್ರ ಬೇಡವೇ ಬೇಡ. ಗುಜರಾತ್ ಸರ್ಕಾರ 2023ರಲ್ಲೇ ಅದನ್ನು ನಿಷೇಧಿಸಿದೆ.

ಲೇಔಟ್ ವಿಚಾರ ನಗರಾಭಿವೃದ್ಧಿ ಪ್ರಾಧಿಕಾರವಾದ ಸೂಡಾಕ್ಕೆ, ಮನೆ ಕಟ್ಟುವ ಲೈಸೆನ್ಸಿನ ವಿಚಾರ ಪಾಲಿಕೆಗೆ ಕೊಡಿ. ಸೆಟ್‌ಬ್ಯಾಕ್‌ನಂಥ ವಲಯ ನಿಯಮಗಳು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಾಸ್ಟರ್ ಪ್ಲಾನ್ ಜೊತೆಗೇ ಬರುತ್ತವೆ. ಅದರ ಕರಡು ಪ್ರಕಟವಾದಾಗ ಇದೇ ಪತ್ರವನ್ನು ಆಕ್ಷೇಪಣೆಯಾಗಿಯೂ ಸಲ್ಲಿಸಿ, ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ನಮ್ಮ ಸೈಟಿನ ಅಂಚಿನಲ್ಲಿ ದೊಡ್ಡ ಮತ್ತಿ ಮರವಿದೆ. ಸ್ವಂತ ಜಾಗ ತಾನೆ, ಕಡಿಸಬಹುದೇ?

ಉತ್ತರ: ಸುಮ್ನೆ ಕಡಿಸುವಂತಿಲ್ಲ. ಸ್ವಂತ ಜಾಗವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ, ಮತ್ತಿಗೆ ಇಲ್ಲ. ಅರ್ಜಿ ಹಾಕುವ ಮುಂಚೆ ನಿಮ್ಮ ಎಂಜಿನಿಯರಿಗೆ ಮರವನ್ನೂ ನಕ್ಷೆಯಲ್ಲಿ ಗುರುತಿಸಲು ಹೇಳಿ. ಅಂಚಿನ ಮರ ಅಂತೀರಿ, ಕಾರ್ ನಿಲ್ಲಿಸುವ ಜಾಗ ಆ ಕಡೆಗೆ ತಿರುಗಿಸಿದರೆ ಅರ್ಜಿಯೇ ಬೇಕಾಗಲಿಕ್ಕಿಲ್ಲ.