ಸರ್ಬಿಯಾ ಯುರೋಪಿಯನ್ ಒಕ್ಕೂಟ ಸೇರುತ್ತೆ ಅಂತ ನಂಬಿ ಈಗಲೇ ಅಲ್ಲಿ ಅಂಗಡಿ ಹಾಕಬಹುದಾ?

ಕಲಬುರಗಿಯಲ್ಲಿ ಬಟ್ಟೆ ವ್ಯಾಪಾರ, ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನಲ್ಲಿ ಒಬ್ಬ ಗೆಳೆಯ, ‘ಆ ದೇಶ ಜೋರಾಗಿ ಬೆಳೀತಾ ಇದೆ, ಇನ್ನೇನು ಒಕ್ಕೂಟ ಸೇರಿಬಿಡುತ್ತೆ, ಆಮೇಲೆ ಜಾಗ ಸಿಗಲ್ಲ’ ಅನ್ನೋ ಅವಸರ. ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ದೇಶದ ಹೆಸರೊಂದು ಬದಲಾಯಿಸಿದರೆ ಇದು ನನ್ನದೇ ಕಥೆ. ನಾನು ನಂಬಿದ್ದು ಟರ್ಕಿಯನ್ನು.

ನಾನು ಬೀದರಿನವನು. ನಮ್ಮ ಮನೆಯಲ್ಲಿ ಬಿದರಿ ಸಾಮಾನು ಮಾಡುವವರಿಲ್ಲ, ಮಾರುವವರು. ಚೌಬಾರಾ ಹತ್ತಿರ ಸಣ್ಣ ಅಂಗಡಿ. 2006ರಲ್ಲಿ ಬಿದರಿಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಮಾಲು ಅನ್ನೋ ಸರ್ಕಾರಿ ಗುರುತು, ಸಿಕ್ಕಿತು. ನನಗಾಗ ಏನೋ ಹುರುಪು. ಅದೇ ಹೊತ್ತಿಗೆ ಪೇಪರ್ ತೆಗೆದರೆ ಟರ್ಕಿ ಸುದ್ದಿ. 2005ರ ಜನವರಿಯಲ್ಲಿ ತಮ್ಮ ಲಿರಾದಿಂದ ಆರು ಸೊನ್ನೆ ಕಿತ್ತು ಹಾಕಿದ್ದರು. ಹಣದುಬ್ಬರ ಹಿಡಿತಕ್ಕೆ ಬಂದಿತ್ತು, ಹೊರಗಿನ ದುಡ್ಡು ಹರಿದು ಬರುತ್ತಿತ್ತು. ಅಕ್ಟೋಬರ್ 3ಕ್ಕೆ ಯುರೋಪಿಯನ್ ಒಕ್ಕೂಟದ ಜೊತೆ ಸೇರ್ಪಡೆಯ ಮಾತುಕತೆ ಶುರುವಾಯಿತು. 2010ಕ್ಕೆ ಇಸ್ತಾಂಬುಲ್ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಎಂದು ಘೋಷಣೆಯೂ ಆಯಿತು. ಇನ್ನೇನು ಬೇಕು ಹೇಳಿ?

ಫ್ರಾಂಕ್‌ಫರ್ಟ್‌ನ ಆಂಬಿಯೆಂಟೆ ಮೇಳಕ್ಕೆ ಹೋಗಿದ್ದಾಗ ಇಬ್ಬರು ಸಿಕ್ಕರು. ಒಬ್ಬ ಜರ್ಮನಿಯ ಖರೀದಿದಾರ. ಮುಚ್ಚಳದ ಮೇಲೆ ತಾರಕಶಿ, ಅಂದರೆ ಬೆಳ್ಳಿ ತಂತಿಯ ಕೆಲಸ ಇರುವ ಸಣ್ಣ ಪೆಟ್ಟಿಗೆಗಳು ಅವನಿಗೆ ಬೇಕಿದ್ದವು. ಬೀದರಿನಿಂದ ನೇರ ಕಳಿಸು, ವರ್ಷಕ್ಕೆ ಇಷ್ಟು ತಗೊಳ್ತೀನಿ ಅಂದ. ಇನ್ನೊಬ್ಬ ಇಸ್ತಾಂಬುಲ್‌ನ ವ್ಯಾಪಾರಿ. ಗ್ರ್ಯಾಂಡ್ ಬಜಾರ್ ಪಕ್ಕದ ಗಲ್ಲಿಯಲ್ಲಿ ಒಂದು ಮಳಿಗೆ ಖಾಲಿ ಇದೆ, ಇಬ್ಬರೂ ಸೇರಿ ಹಾಕೋಣ ಅಂದ. ‘ಇವತ್ತು ಇದು ಟರ್ಕಿಯ ಅಂಗಡಿ. ನಾಳೆ ಯುರೋಪಿನ ಅಂಗಡಿ’ ಅಂದ.

ನಾನು ಜರ್ಮನಿಯವನಿಗೆ ‘ಸ್ವಲ್ಪ ತಡೀರಿ, ಇಸ್ತಾಂಬುಲ್‌ನಿಂದಲೇ ಕಳಿಸ್ತೀನಿ’ ಅಂತ ಹೇಳಿ, ಇಸ್ತಾಂಬುಲ್‌ನವನ ಕೈ ಹಿಡಿದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದ್ರೆ ನನ್ನ ದುಡ್ಡು ಹೋದದ್ದು ಒಂದೇ ಒಂದು ಲೆಕ್ಕದಲ್ಲಿ. ಟರ್ಕಿ ಜೊತೆ ಮಾತುಕತೆ ಶುರು ಮಾಡುವಾಗ ಒಕ್ಕೂಟದವರು ಒಂದು ಚೌಕಟ್ಟು ಬರೆದಿದ್ದರು. ಟರ್ಕಿ ದೊಡ್ಡ ದೇಶ, ಅದು ಬಂದರೆ ಖರ್ಚು ಜಾಸ್ತಿ, ಆದ್ದರಿಂದ 2014ರಿಂದ ಶುರುವಾಗುವ ಬಜೆಟ್ ಯೋಜನೆ ತೀರ್ಮಾನವಾಗುವ ತನಕ ಮಾತುಕತೆ ಮುಗಿಸುವಂತಿಲ್ಲ ಅಂತ ಅದರಲ್ಲಿತ್ತು. ಮಾತುಕತೆಯ ಫಲ ಏನಾಗುತ್ತೆ ಅಂತ ಮೊದಲೇ ಖಾತರಿ ಕೊಡಲಾಗದು ಅಂತಲೂ ಇತ್ತು. ಅಂದರೆ ಅವರು ಹೇಳಿದ್ದು ‘ಅದಕ್ಕಿಂತ ಮೊದಲಂತೂ ಇಲ್ಲ’ ಅಂತ. ನಾನು 2014 ಅನ್ನೋದನ್ನೇ ಮುಹೂರ್ತ ಅಂದುಕೊಂಡೆ. ಸುಮ್ನೆ ಅಂದುಕೊಂಡು ಬಿಟ್ಟಿದ್ದರೆ ಪರವಾಗಿಲ್ಲ. ಅದರ ಮೇಲೆ ಬಾಡಿಗೆ ಕರಾರು ಬರೆದೆ.

ಆ ಬಜಾರಿನಲ್ಲಿ ಮಾಲೀಕರು ಬಾಡಿಗೆಯನ್ನು ಯೂರೋದಲ್ಲಿ ಇಲ್ಲಾ ಡಾಲರ್‌ನಲ್ಲಿ ಕೇಳುತ್ತಿದ್ದರು. ಸ್ವಲ್ಪ ಜಾಸ್ತಿ ಕೊಟ್ಟರೆ ಲಿರಾಗೂ ಒಪ್ಪುತ್ತಿದ್ದರು. ನಾನು ಯೂರೋ ಅಂದೆ, ಅದೂ ದೀರ್ಘಾವಧಿಗೆ. ನನ್ನ ತರ್ಕ ಹೀಗಿತ್ತು: 2014ಕ್ಕೆ ಟರ್ಕಿ ಒಕ್ಕೂಟಕ್ಕೆ ಬರುತ್ತೆ, ಬಂದ ಮೇಲೆ ಯೂರೋ ಬರುತ್ತೆ, ಆಗ ಗಳಿಕೆಯೂ ಯೂರೋ, ಬಾಡಿಗೆಯೂ ಯೂರೋ. ಎಷ್ಟು ಜಾಣ ನೋಡಿ! ಒಕ್ಕೂಟ ಸೇರಿದ ದಿನವೇ ಯೂರೋ ಬರಲ್ಲ ಅನ್ನೋದೇ ನನಗೆ ಗೊತ್ತಿರಲಿಲ್ಲ. ಪೋಲೆಂಡ್ 2004ರಲ್ಲಿ ಸೇರಿದೆ, ಇವತ್ತಿಗೂ ಅಲ್ಲಿ ನಡೆಯುವುದು ಝ್ಲೋಟಿ. ಕ್ರೊವೇಶಿಯಾ 2013ರಲ್ಲಿ ಸೇರಿ ಯೂರೋ ಕಂಡಿದ್ದು 2023ರಲ್ಲಿ. ಒಂದು ತಪ್ಪಿನ ತಳದಲ್ಲಿ ಇನ್ನೊಂದು ತಪ್ಪು ಕೂತಿತ್ತು.

ಕರಾರು ಬರೆದಾಗ ಒಂದು ಯೂರೋಗೆ ಹತ್ತಿರಹತ್ತಿರ ಎರಡು ಲಿರಾ. 2014ರ ಜನವರಿಯಲ್ಲಿ ಅದು ಮೂರು ದಾಟಿತು. ಆ ತಿಂಗಳ ಕೊನೆಗೆ ಅವರ ಕೇಂದ್ರ ಬ್ಯಾಂಕ್ ಒಂದೇ ರಾತ್ರಿಯಲ್ಲಿ ಬಡ್ಡಿ ದರವನ್ನು ದುಪ್ಪಟ್ಟಿಗಿಂತ ಮೇಲೆ ಏರಿಸಿತು. ನಾನು ಮುಹೂರ್ತ ಅಂದುಕೊಂಡಿದ್ದ ವರ್ಷ ಶುರುವಾಗಿದ್ದು ಹೀಗೆ. ನಮ್ಮ ಗಿರಾಕಿ ಕೊಡುವುದು ಲಿರಾ, ಮಾಲೀಕನಿಗೆ ನಾವು ಕೊಡಬೇಕಾದ್ದು ಯೂರೋ. ಮಾರಾಟ ಅಷ್ಟೇ ಇದ್ದರೂ ಬಾಡಿಗೆ ತಾನಾಗಿ ಒಂದೂವರೆ ಪಟ್ಟಾಯಿತು. ಆಮೇಲಿನ ಕಥೆ ಇನ್ನೂ ಘೋರ. 2010ರಲ್ಲಿ ಒಂದು ಲಿರಾಕ್ಕೆ ಸುಮಾರು ಮೂವತ್ತು ರೂಪಾಯಿ ಇತ್ತು. 2025ರಲ್ಲಿ ಎರಡು ರೂಪಾಯಿ ಚಿಲ್ಲರೆ. ಅಷ್ಟು ದಿನ ನಾನು ಅಲ್ಲಿರಲಿಲ್ಲ, ಪುಣ್ಯ.

ಮಾಲಿನ ಕಥೆಯೂ ಹೇಳಬೇಕು. ಬಿದರಿ ಕೆಲಸ ನೋಡಿದ್ದೀರಾ? ಸತು, ತಾಮ್ರ ಕಲಸಿ ಎರಕ ಹೊಯ್ದಾಗ ಅದು ಮಾಮೂಲಿ ಬೂದು ಬಣ್ಣದ ಲೋಹ. ಮೈಲುತುತ್ತದ ನೀರು ಹಚ್ಚಿ ಮೇಲ್ಮೈ ಕಪ್ಪಗೆ ಮಾಡಿಕೊಂಡು, ಅದರ ಮೇಲೆ ಹೂಬಳ್ಳಿ ಗೀಚಿ, ಉಳಿಯಿಂದ ಕೊರೆದು, ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಉಜ್ಜಿ ನಯ ಮಾಡಿದ ಮೇಲೆ ಬೆಳ್ಳಿ ಯಾವುದು, ಸತು ಯಾವುದು ಅಂತ ಕಣ್ಣಿಗೆ ಸರಿಯಾಗಿ ಕಾಣಿಸುವುದೇ ಇಲ್ಲ. ಕೊನೆಗೆ ಬೀದರ್ ಕೋಟೆಯ ಹಳೆ ಮಣ್ಣು, ನವಸಾಗರ ಸೇರಿಸಿದ ನೀರಲ್ಲಿ ಬಿಸಿ ಮಾಡಿ ಉಜ್ಜಿದಾಗ ಮೈಯೆಲ್ಲ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಬೆಳ್ಳಗೆ ಎದ್ದು ಬರುತ್ತೆ. ನಮ್ಮ ಉಸ್ತಾದ್ ಒಬ್ಬರು ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿಯೇ ಆರಿಸುತ್ತಿದ್ದರು. ಇಂಥ ಸಾಮಾನು ಇಸ್ತಾಂಬುಲ್‌ನ ಸಮುದ್ರದ ಗಾಳಿಯಲ್ಲಿ, ಗಿರಾಕಿ ಇಲ್ಲದೆ, ಕಪಾಟಿನಲ್ಲಿ ಕೂತರೆ ಏನಾಗುತ್ತೆ? ಬೆಳ್ಳಿ ಮಂಕಾಯಿತು, ಕಪ್ಪಿನ ಮೇಲೆ ಬೂದಿ ಬಳಿದಂತೆ ಒಂದು ಪೊರೆ ಬಂತು. ಹೋದಾಗೆಲ್ಲ ಕೊಬ್ಬರಿ ಎಣ್ಣೆ ಬಟ್ಟೆಗೆ ಹಚ್ಚಿಕೊಂಡು ಒಂದೊಂದೇ ಹುಕ್ಕಾ, ಒಂದೊಂದೇ ಸುರಾಹಿ ಒರೆಸುವುದೇ ನನ್ನ ಕೆಲಸ. ಪಕ್ಕದ ಅಂಗಡಿಯವರು ‘ಇಂಡಿಯಾದವನು ಅಂಗಡಿಗೆ ಎಣ್ಣೆ ಸ್ನಾನ ಮಾಡಿಸ್ತಾನೆ’ ಅಂತ ನಗುತ್ತಿದ್ದರು.

ಇನ್ನೂ ಹೊಟ್ಟೆ ಉರಿಸಿದ್ದು ಬೇರೆ. ಅಲ್ಲಿನ ಲೆಕ್ಕಪತ್ರದವರೊಬ್ಬರು ಒಮ್ಮೆ ಮಾತಿನ ನಡುವೆ ಕೇಳಿದರು, ಜರ್ಮನಿಗೆ ಮಾಲು ಕಳಿಸಲು ಸೇರ್ಪಡೆ ತನಕ ಯಾಕೆ ಕಾಯುತ್ತಿದ್ದೀರಿ ಅಂತ. ಟರ್ಕಿಗೂ ಒಕ್ಕೂಟಕ್ಕೂ ಕಸ್ಟಮ್ಸ್ ಯೂನಿಯನ್, ಅಂದರೆ ನಡುವೆ ಸುಂಕ ಇಲ್ಲದ ಏರ್ಪಾಡು, 1995ರ ಡಿಸೆಂಬರ್ 31ರಿಂದಲೇ ಇದೆಯಂತೆ! ಕೈಗಾರಿಕಾ ಮಾಲಾದರೆ, ಹೊರದೇಶದ್ದೇ ಇರಲಿ, ಟರ್ಕಿಯಲ್ಲಿ ಸುಂಕ ಕಟ್ಟಿ ಒಳಗೆ ತಂದಿದ್ದರೆ ಎ.ಟಿ.ಆರ್. ಅನ್ನೋ ಒಂದು ಕಾಗದದ ಮೇಲೆ ಜರ್ಮನಿಗೆ ಮತ್ತೆ ಸುಂಕ ಇಲ್ಲದೆ ಹೋಗುತ್ತೆ. ನಾನು ಯಾವ ಬಾಗಿಲು ತೆರೆಯಲಿ ಅಂತ ಕಾಯುತ್ತಿದ್ದೆನೋ ಅದು ಹತ್ತು ವರ್ಷದ ಹಿಂದೆಯೇ ತೆರೆದಿತ್ತು. ಓಡಿಹೋಗಿ ಜರ್ಮನಿಯವನಿಗೆ ಮೇಲ್ ಹಾಕಿದೆ. ಅವನಾಗಲೇ ಮೊರಾದಾಬಾದ್‌ನ ಹಿತ್ತಾಳೆ ಪೆಟ್ಟಿಗೆಗಳಿಗೆ ಒಗ್ಗಿಕೊಂಡಿದ್ದ.

2016ರ ಜುಲೈನಲ್ಲಿ ಟಿವಿಯಲ್ಲಿ ಬಾಸ್ಫರಸ್ ಸೇತುವೆ ಮೇಲೆ ಟ್ಯಾಂಕ್ ನಿಂತಿದ್ದು ನೋಡಿದೆ. ಸೈನ್ಯದ ದಂಗೆ ಬೆಳಗಾಗುವಷ್ಟರಲ್ಲಿ ಮುಗಿಯಿತು, ಪ್ರವಾಸಿಗರೂ ಮುಗಿದರು. ಮುಂಗಡ ಬಿಟ್ಟುಕೊಟ್ಟು ಮಳಿಗೆ ಖಾಲಿ ಮಾಡಿದೆ. ಅಷ್ಟೇ ಕಥೆ.

ಈಗ ನಿಮ್ಮ ಪ್ರಶ್ನೆಗೆ. ‘ಬೆಳೆಯುತ್ತಿರುವ ದೇಶ, ಆದ್ದರಿಂದ ಸೇರಿಸಿಕೊಳ್ಳುತ್ತಾರೆ’ ಅನ್ನೋ ನಿಮ್ಮ ಲೆಕ್ಕವನ್ನೇ ನಾನು ಒಪ್ಪಲ್ಲ. ಟರ್ಕಿಯಂತೆಯೇ, ಅದೂ ಅದೇ 2005ರ ಅಕ್ಟೋಬರ್ 3ರಂದೇ, ಮಾತುಕತೆ ಶುರು ಮಾಡಿದ ಇನ್ನೊಂದು ದೇಶ ಕ್ರೊವೇಶಿಯಾ. ಆಗ ನಲವತ್ತು ಲಕ್ಷ ಚಿಲ್ಲರೆ ಜನ. 2013ರ ಜುಲೈ 1ಕ್ಕೆ ಒಳಗೆ ಹೋಯಿತು. ಮಾತುಕತೆಯನ್ನು ವಿಷಯವಾರು 35 ಅಧ್ಯಾಯ ಅಂತ ಹಂಚಿರುತ್ತಾರೆ. ಟರ್ಕಿ ಅದರಲ್ಲಿ 16 ತೆರೆದು, ಒಂದನ್ನು ಮಾತ್ರ ತಾತ್ಕಾಲಿಕವಾಗಿ ಮುಗಿಸಿ, ಅಲ್ಲೇ ನಿಂತಿದೆ. ಮಾತುಕತೆ ನಿಂತೇಹೋಗಿದೆ ಅಂತ 2018ರಲ್ಲಿ ಒಕ್ಕೂಟವೇ ಹೇಳಿತು. ಬೆಳೆದದ್ದು ಯಾರು ಜಾಸ್ತಿ? ಟರ್ಕಿ. ಬೆಳೆದದ್ದೇ ಅದಕ್ಕೆ ಅಡ್ಡಿಯಾಯಿತು ಅಂತ ನನ್ನ ಅನಿಸಿಕೆ. ಏಳು ಕೋಟಿ ಜನರ ದೇಶ ಒಳಗೆ ಬಂದರೆ ಮತದಲ್ಲಿ, ಬಜೆಟ್‌ನಲ್ಲಿ ಎಷ್ಟು ಪಾಲು ಕೇಳುತ್ತೆ ಅಂತ ಪ್ಯಾರಿಸ್‌ನಲ್ಲಿ, ಬರ್ಲಿನ್‌ನಲ್ಲಿ ಲೆಕ್ಕ ಹಾಕುತ್ತಿದ್ದರು. ಫ್ರಾನ್ಸ್‌ನ ಅಧ್ಯಕ್ಷರಾಗಿದ್ದ ಸರ್ಕೋಜಿ ನೇರವಾಗಿಯೇ ಬೇಡ ಅಂದರು. ಜರ್ಮನಿಯ ಚಾನ್ಸಲರ್ ಆಗಿದ್ದ ಮರ್ಕೆಲ್ ಪೂರ್ತಿ ಸದಸ್ಯತ್ವ ಬೇಡ, ವಿಶೇಷ ಪಾಲುದಾರಿಕೆ ಸಾಕು ಅಂದರು.

ಅದಕ್ಕಿಂತ ದೊಡ್ಡದು ಸೈಪ್ರಸ್. 2004ರಲ್ಲಿ ಸೈಪ್ರಸ್ ಒಕ್ಕೂಟದ ಸದಸ್ಯ ಆಯಿತು. ಟರ್ಕಿ ಅದನ್ನು ದೇಶ ಅಂತಲೇ ಮಾನ್ಯ ಮಾಡಿಲ್ಲ, ಅದರ ಹಡಗುಗಳಿಗೆ ಬಂದರು ತೆರೆಯಲಿಲ್ಲ. 2006ರ ಡಿಸೆಂಬರ್‌ನಲ್ಲಿ ಎಂಟು ಅಧ್ಯಾಯಗಳಿಗೆ ಬೀಗ ಬಿತ್ತು. ಹೊಸಬರನ್ನು ಸೇರಿಸಲು ಒಳಗಿರುವ ಎಲ್ಲರೂ ಒಪ್ಪಬೇಕು, ಒಬ್ಬ ತಲೆ ಅಡ್ಡ ಆಡಿಸಿದರೂ ಮುಗೀತು. ಸ್ಲೊವೇನಿಯಾದಂಥ ಪುಟ್ಟ ದೇಶ ಗಡಿ ಜಗಳಕ್ಕೆ ಕ್ರೊವೇಶಿಯಾವನ್ನೇ ಕೆಲಕಾಲ ತಡೆದಿತ್ತು. ಮೆಸಡೋನಿಯಾ ಗ್ರೀಸ್‌ನ ಹಟಕ್ಕೆ ತನ್ನ ದೇಶದ ಹೆಸರನ್ನೇ 2019ರಲ್ಲಿ ಬದಲಿಸಿಕೊಂಡಿತು. ಮರುವರ್ಷ ಬಲ್ಗೇರಿಯಾ ಅಡ್ಡ ಬಂತು. ಜಿಡಿಪಿ ನೋಡಿ ಇದನ್ನೆಲ್ಲ ಊಹಿಸೋಕೆ ಆಗುತ್ತಾ?

ನಿಮ್ಮ ಸರ್ಬಿಯಾ 2009ರಲ್ಲಿ ಅರ್ಜಿ ಹಾಕಿದೆ, 2012ರಲ್ಲಿ ಅಭ್ಯರ್ಥಿ ಆಯಿತು, 2014ರ ಜನವರಿಯಲ್ಲಿ ಮಾತುಕತೆ ಶುರು. 35ರಲ್ಲಿ 22 ಅಧ್ಯಾಯ ತೆರೆದಿವೆ, ತಾತ್ಕಾಲಿಕವಾಗಿ ಮುಗಿದವು ಎರಡೇ. ಕೊನೆಯದಾಗಿ ಅಧ್ಯಾಯಗಳು ತೆರೆದದ್ದು 2021ರ ಡಿಸೆಂಬರ್‌ನಲ್ಲಿ. ಮುಂದೆ ಎರಡು ಬಂಡೆ ಇವೆ. ಒಂದು, ತನ್ನಿಂದ ಬೇರೆಯಾದ ಕೊಸೊವೊ ಜೊತೆಗಿನ ಸಂಬಂಧ. ಇನ್ನೊಂದು ರಷ್ಯಾ: ಒಕ್ಕೂಟ ಹಾಕಿದ ನಿರ್ಬಂಧಗಳನ್ನು ಸರ್ಬಿಯಾ ಹಾಕಿಲ್ಲ. ನೀವು ಜೂಜು ಆಡಲೇಬೇಕು ಅಂದರೆ ಮಾಂಟೆನೆಗ್ರೊ ಮೇಲೆ ಆಡಿ, ಆರು ಲಕ್ಷ ಚಿಲ್ಲರೆ ಜನ, 2028ಕ್ಕೆ ಒಳಗೆ ಹೋಗಬೇಕು ಅಂತ ಓಡುತ್ತಿದೆ. ಆದರೆ ಅಲ್ಲಿ ನಿಮ್ಮ ಸೀರೆ ಯಾರು ಉಡುತ್ತಾರೋ ಕಾಣೆ.

ನಿಮ್ಮ ಪ್ರಶ್ನೆಯಲ್ಲಿ ಇನ್ನೊಂದು ಸಾಲಿದೆ: ‘ಈಗಲೇ ಸರ್ಬಿಯಾದಿಂದ ಸುಂಕ ಇಲ್ಲದೆ ಯುರೋಪಿಗೆ ಹೋಗಬಹುದಂತೆ’. ನಿಮ್ಮ ಗೆಳೆಯ ಅರ್ಧ ಹೇಳಿದ್ದಾನೆ. 2013ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಒಪ್ಪಂದದಲ್ಲಿ ಆ ರಿಯಾಯಿತಿ ಇದೆ, ಆದರೆ ಅದು ಸರ್ಬಿಯಾದಲ್ಲಿ ತಯಾರಾದ ಮಾಲಿಗೆ. ಟರ್ಕಿಯಂಥ ಕಸ್ಟಮ್ಸ್ ಯೂನಿಯನ್ ಅಲ್ಲ ಇದು. ಸೂರತ್‌ನಿಂದ ತಂದ ಬಟ್ಟೆಯನ್ನು ಬೆಲ್‌ಗ್ರೇಡ್‌ನಲ್ಲಿ ಇಳಿಸಿ, ಚೀಟಿ ಬದಲಿಸಿ ವಿಯೆನ್ನಾಗೆ ಕಳಿಸೋಕೆ ಆಗಲ್ಲ. ಗಡಿಯಲ್ಲಿ ಮೂಲ ಎಲ್ಲಿಯದು ಅಂತ ಕೇಳುತ್ತಾರೆ. ಮೇಲಿಂದ ಚೀನಾ ಜೊತೆ ಸರ್ಬಿಯಾದ ಮುಕ್ತ ವ್ಯಾಪಾರ ಒಪ್ಪಂದ 2024ರ ಜುಲೈ 1ರಿಂದ ಜಾರಿಗೆ ಬಂದಿದೆ. ನಿಮ್ಮ ಪೈಪೋಟಿ ಯಾರ ಜೊತೆ ಅಂತ ಗೊತ್ತಾಯಿತಲ್ವಾ? ಒಕ್ಕೂಟ ಸೇರುವ ದಿನ ಸರ್ಬಿಯಾ ಆ ಒಪ್ಪಂದ ಬಿಡಬೇಕಾಗುತ್ತೆ, ನಿಜ. ಆ ದಿನ ಯಾವಾಗ ಅಂತ ಮಾತ್ರ ನನ್ನನ್ನು ಕೇಳಬೇಡಿ.

ನಾನು ಇಸ್ತಾಂಬುಲ್‌ಗೆ ಹೊರಟಾಗ ನಮ್ಮ ಕಾಕಾ ಒಂದು ಮಾತು ಹೇಳಿದ್ದರು. ನಿಜಾಮರ ಕಾಲದಲ್ಲಿ ಹುಟ್ಟಿದವರು ಅವರು. ಆಗ ನಮ್ಮ ಕಡೆ ಹಾಲಿ ಸಿಕ್ಕಾ ಅನ್ನೋ ನಿಜಾಮರ ನಾಣ್ಯವೇ ಬೇರೆ, ಸೊಲ್ಲಾಪುರಕ್ಕೆ ಹೋಗಿಬರುವ ಮಾಲಿಗೆ ಕರೋಡಗಿರಿ ನಾಕಾದಲ್ಲಿ ಸುಂಕ ಬೇರೆ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೂ ಹಾಲಿ ಸಿಕ್ಕಾ ಕೆಲವು ವರ್ಷ ಓಡಾಡುತ್ತಲೇ ಇತ್ತು. ‘ನಾಕಾ ತೆಗದಾರಂತ ಕೇಳಿ ಮಾಲ್ ತರಸಬ್ಯಾಡ ತಮ್ಮಾ. ನಾಕಾಕ್ಕ ಹೋಗಿ ನೋಡಿ ಬಾ, ಆಮ್ಯಾಲ ತರಸು’ ಅಂದಿದ್ದರು. ನನಗೆ ಆಗ ಹಳೆ ಕಾಲದವರ ಮಾತು ಅನ್ನಿಸಿತ್ತು. ಹಾಗೆ ನೋಡಿದರೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನದ 371(ಜೆ) ವಿಧಿ ಬಂದಿದ್ದು ಸೇರಿ ಅರವತ್ತು ವರ್ಷ ದಾಟಿದ ಮೇಲೆ. ಇರಲಿ, ಅದು ಬೇರೆ ಜಗಳ.

ಗೆಳೆಯ ಇದ್ದಾನೆ, ಊರು ನೋಡಬೇಕು, ಅಂಗಡಿ ಹಾಕಲೇಬೇಕು ಅಂದರೆ ಹಾಕಿ, ಆದರೆ ಸರ್ಬಿಯಾದ ಗಿರಾಕಿಗೆ ಮಾರಿಯೇ ಬದುಕುವ ಲೆಕ್ಕ ಇರಲಿ. ಒಕ್ಕೂಟದ ಹೆಸರನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲೇಬೇಡಿ. ಕರಾರು ಒಂದು ವರ್ಷಕ್ಕೆ ಮಾತ್ರ ಮಾಡಿ. ಅಲ್ಲೂ ಬಾಡಿಗೆ ಯೂರೋದಲ್ಲೇ ಹೇಳುತ್ತಾರೆ. ದಿನಾರ್ ಕೆಲವು ವರ್ಷಗಳಿಂದ ಯೂರೋಗೆ 117ರ ಆಸುಪಾಸಿನಲ್ಲೇ ನಿಂತಿದೆ, ಆ ವಿಷಯದಲ್ಲಿ ನೀವು ನನಗಿಂತ ವಾಸಿ. ಆದರೂ ದಿನಾರ್‌ನಲ್ಲೇ ಬರೆಯಿರಿ ಅಂತ ಒತ್ತಾಯ ಮಾಡಿ. ಯುರೋಪಿಗೇ ಮಾರಬೇಕು ಅಂದರೆ ಕಲಬುರಗಿಯಿಂದ ನೇರ ಮಾರಿ. ಭಾರತ ಮತ್ತು ಒಕ್ಕೂಟದ ನಡುವಿನ ವ್ಯಾಪಾರ ಒಪ್ಪಂದದ ಮಾತುಕತೆ 2022ರಲ್ಲಿ ಮತ್ತೆ ಶುರುವಾಯಿತಲ್ಲ, ಬಟ್ಟೆಯವರಿಗೆ ಬೆಲ್‌ಗ್ರೇಡ್‌ಗಿಂತ ಆ ಸುದ್ದಿ ಮುಖ್ಯ.

ಇನ್ನು ವೀಸಾ ಬಗ್ಗೆ. ‘ಸರ್ಬಿಯಾಕ್ಕೆ ವೀಸಾ ಬೇಡ’ ಅಂತ ಬರೆದಿದ್ದೀರಿ. ಅದು ಹಳೆ ಸುದ್ದಿ. 2023ರ ಜನವರಿ 1ರಿಂದ ಭಾರತೀಯರಿಗೆ ವೀಸಾ ಬೇಕೇ ಬೇಕು. ಒಕ್ಕೂಟದ ಒತ್ತಡಕ್ಕೆ ಮಣಿದೇ ಸರ್ಬಿಯಾ ಆ ಸೌಲಭ್ಯ ತೆಗೆದದ್ದು. ಅದು ಯುರೋಪಿಗೆ ಹತ್ತಿರ ಆದಷ್ಟೂ ನಮ್ಮ ಪಾಸ್‌ಪೋರ್ಟ್‌ಗೆ ದೂರ. ಗೆಳೆಯನಿಂದ ಆಹ್ವಾನ ಪತ್ರ ತರಿಸಿಕೊಂಡು ಮೊದಲು ಅರ್ಜಿ ಹಾಕಿ, ವೀಸಾ ಕೈಗೆ ಬರುವ ತನಕ ಯಾರಿಗೂ ಮುಂಗಡ ಕಳಿಸಬೇಡಿ.