ಓದುಗರ ಪ್ರಶ್ನೆ: ಅಂಗಳದ ದೀಪ ಮತ್ತು ಆಕಾಶಗಂಗೆ

ಪ್ರಶ್ನೆ: ಅಡಿಕೆ ಅಂಗಳಕ್ಕೆ 50 ವಾಟ್‌ನ ಎಲ್‌ಇಡಿ ಫ್ಲಡ್‌ಲೈಟ್ ಹಾಕಿಸಿದ ಮೇಲೆ ಆಕಾಶಗಂಗೆ ಕಾಣುವುದೇ ಇಲ್ಲ. ಕಳ್ಳರ ಭಯಕ್ಕೆ ದೀಪ ತೆಗೆಯುವಂತೆಯೂ ಇಲ್ಲ. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ದೀಪ ಇರಲಿ, ಅದರ ಮುಖ ಬಗ್ಗಿಸಿ. ಗೋಡೆಗೆ ಓರೆಯಾಗಿ ಕೂರಿಸಿದ ಫ್ಲಡ್‌ಲೈಟಿನ ಬೆಳಕು ಅಂಗಳ ದಾಟಿ ಅಡಿಕೆ ಮರದ ಕೊನೆಗೆ, ಅಲ್ಲಿಂದ ಆಕಾಶಕ್ಕೆ ಹೋಗುತ್ತದೆ. ಮೇನ್ ಆರಿಸಿ, ಕ್ಲಾಂಪಿನ ಎರಡೂ ಬೋಲ್ಟ್ ಸಡಿಲಿಸಿ, ಗಾಜು ಪೂರ್ತಿ ನೆಲ ನೋಡುವಂತೆ ಬಿಗಿಯಿರಿ. ವೈರು ಸ್ವಲ್ಪ ಜೋತಾಡಿ ಮೇಲೇರಿ ದೀಪ ಸೇರಲಿ. ಇಲ್ಲವಾದರೆ ಮಳೆನೀರು ಅದರ ಗುಂಟ ಒಳಗಿಳಿಯುತ್ತದೆ. ಅಂಗಳದ ಆಚೆ ನಿಂತು ನೋಡಿದಾಗ ನೆಲ ಬೆಳಗಬೇಕು, ದೀಪ ಕಣ್ಣಿಗೆ ಚುಚ್ಚಬಾರದು. ಚುಚ್ಚಿದರೆ ತಗಡಿನ ಮರೆ ಕಟ್ಟಿ ಒಳಬದಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಹಿಂಬದಿಯ ಅಲ್ಯೂಮಿನಿಯಂ ರೆಕ್ಕೆಗಳನ್ನು ಮುಚ್ಚಿದರೆ ಶಾಖ ಹೊರಹೋಗದೆ ಡ್ರೈವರ್ (ದೀಪಕ್ಕೆ ಹದವಾಗಿ ವಿದ್ಯುತ್ ಕೊಡುವ ಒಳಗಿನ ಭಾಗ) ಸುಡುತ್ತದೆ, ಜೋಕೆ.

ಬಣ್ಣವೂ ಮುಖ್ಯ. ಡಬ್ಬಿಯ ಮೇಲೆ 6500ಕೆ (ಕೆ ಎಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಎಂದಿದ್ದರೆ ಅದರಲ್ಲಿ ನೀಲಿ ಹೆಚ್ಚು. 450 ನ್ಯಾನೋಮೀಟರ್ ಅಲೆಯುದ್ದದ ನೀಲಿ, 600ರ ಕಿತ್ತಳೆಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಗಾಳಿಯಲ್ಲಿ ಚದುರುತ್ತದೆ. ಒಂದು ಅಂಗಳಕ್ಕೆ ಹಳದಿ ಛಾಯೆಯ 2700ಕೆ, 10ರಿಂದ 15 ವಾಟ್ ಧಾರಾಳ ಸಾಕು. ಪಿಐಆರ್ ಸೆನ್ಸರ್ (ಯಾರಾದರೂ ಓಡಾಡಿದಾಗ ಮಾತ್ರ ದೀಪ ಹೊತ್ತಿಸುವ ಸಾಧನ) ಜೋಡಿಸಿ ಎರಡು ನಿಮಿಷಕ್ಕೆ ಹೊಂದಿಸಿದರೆ ಇನ್ನೂ ಒಳ್ಳೆಯದು. ಇಡೀ ರಾತ್ರಿ ಉರಿಯುವ ದೀಪಕ್ಕಿಂತ ಥಟ್ಟನೆ ಹೊತ್ತುವ ದೀಪಕ್ಕೇ ಕಳ್ಳ ಬೆಚ್ಚುವುದು. ಸೆನ್ಸರ್ ನೇರ ಬರುವವರಿಗಿಂತ ಅಡ್ಡ ಹಾಯುವವರನ್ನು ಚೆನ್ನಾಗಿ ಹಿಡಿಯುತ್ತದೆ, ಹಾಗಾಗಿ ಅದನ್ನು ದಾರಿಯ ಮಗ್ಗುಲಿಗೆ ಕೂರಿಸಿ.

ಫಲ ನೋಡಲು ಜನವರಿ ಮೊದಲ ವಾರದಲ್ಲಿ, ಚಂದ್ರನಿಲ್ಲದ ರಾತ್ರಿ 9ಕ್ಕೆ ನೆತ್ತಿಯ ಹತ್ತಿರದ ಕೃತ್ತಿಕೆ ನಕ್ಷತ್ರಗುಂಪಿನ ಚುಕ್ಕಿಗಳನ್ನು ಎಣಿಸಿ. ಕಣ್ಣು ಕತ್ತಲಿಗೆ ಒಗ್ಗಲು 20–30 ನಿಮಿಷ ಬೇಕು. ನಡುವೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ. ಆರು ಚುಕ್ಕಿ ಬಿಡಿಬಿಡಿಯಾಗಿ ಕಂಡರೆ ಆಕಾಶ ಪರವಾಗಿಲ್ಲ. ಆಕಾಶಗಂಗೆಯ ದಟ್ಟ ಭಾಗಕ್ಕೆ ಏಪ್ರಿಲ್ ಮಧ್ಯದಲ್ಲಿ ಬೆಳಗಿನ 4ಕ್ಕೆದ್ದು ದಕ್ಷಿಣಕ್ಕೆ, ವೃಶ್ಚಿಕ–ಧನು ರಾಶಿಗಳ ಕಡೆ ನೋಡಿ.

ಪ್ರಶ್ನೆ: ಬೀದಿದೀಪ ನೇರ ನಮ್ಮ ಜಗುಲಿಗೇ ಬೀಳುತ್ತದೆ. ಯಾರಿಗೆ ಹೇಳುವುದು?
– ಓದುಗರೊಬ್ಬರು, ಕುಮಟಾ ತಾಲ್ಲೂಕು

ಉತ್ತರ: ಪಂಚಾಯತಿಯ ಪಿಡಿಒ ಅವರಿಗೆ ಬರೆದುಕೊಡಿ. ಕಂಬದ ಗುರುತು, ರಾತ್ರಿಯ ಫೋಟೊ ಇರಲಿ. ದೀಪ ತೆಗೆಯಿರಿ ಎಂದರೆ ಊರವರೇ ಒಪ್ಪುವುದಿಲ್ಲ. ಕೋನ ಇಳಿಸಿ, ಮನೆ ಬದಿಗೆ ಮರೆ ಹಾಕಿ ಎಂದು ಕೇಳಿ. ನೀವೇ ಕಂಬ ಹತ್ತಬೇಡಿ.

ಪ್ರಶ್ನೆ: ನಮ್ಮ ಹೋಂಸ್ಟೇ ಕಡಲ ದಂಡೆಯಲ್ಲಿದೆ. ದೀಪದಿಂದ ಕಡಲಾಮೆಗಳಿಗೆ ತೊಂದರೆ ಎನ್ನುತ್ತಾರೆ, ನಿಜವೇ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ನಿಜ. ಆಲಿವ್ ರಿಡ್ಲೆ ಮರಿಗಳು ಹೆಚ್ಚಾಗಿ ರಾತ್ರಿ ಗೂಡು ಬಿಟ್ಟು, ತಗ್ಗಿನಲ್ಲಿ ಬೆಳ್ಳಗೆ ಕಾಣುವ ಕಡೆಗೆ ಹರಿಯುತ್ತವೆ. ಕತ್ತಲ ದಂಡೆಯಲ್ಲಿ ಆ ಕಡೆ ಕಡಲೇ ಇರುತ್ತದೆ. ಹಿಂದೆ ಬಿಳಿ ದೀಪವಿದ್ದರೆ ಮರಿಗಳು ಅತ್ತ ತಿರುಗಿ ನಾಯಿ, ಏಡಿಗಳ ಬಾಯಿಗೆ ಬೀಳುತ್ತವೆ, ಇಲ್ಲವೇ ಬೆಳಗಾಗುತ್ತಲೇ ಬಿಸಿಲಿಗೆ ಒಣಗುತ್ತವೆ. ಕಡಲ ಬದಿಯ ದೀಪ ಆರಿಸಿ, ಕಿಟಕಿಗೆ ದಪ್ಪ ಪರದೆ ಎಳೆಯಿರಿ. ಬೇಕೇಬೇಕಾದಲ್ಲಿ ಮೊಣಕಾಲೆತ್ತರದಲ್ಲಿ, ಮರೆಯಿರುವ ಅಂಬರ್ (ಕಿತ್ತಳೆ-ಹಳದಿ) ಎಲ್‌ಇಡಿ ಹಾಕಿ; ಅದರ ಬೆಳಕು 560 ನ್ಯಾನೋಮೀಟರಿಗಿಂತ ಉದ್ದದ ಅಲೆಯದಾಗಿರಬೇಕು. ವಾರ್ಮ್ ವೈಟ್ (2700ಕೆಯಂಥ ಹಳದಿ ಛಾಯೆಯ ಬಿಳಿ) ಇಲ್ಲಿ ಸಾಲದು, ಅದರಲ್ಲೂ ನೀಲಿ ಉಳಿದಿರುತ್ತದೆ. ದಾರಿ ತಪ್ಪಿದ ಮರಿ ಕಂಡರೆ ಫ್ಲ್ಯಾಶ್ ಹೊಡೆಯದೆ ಅರಣ್ಯ ಇಲಾಖೆಗೆ ತಿಳಿಸಿ.