ಜರ್ಮನಿಯಲ್ಲಿ ಕ್ಯಾಮೆರಾ: ಹೊಸದೋ, ಸೆಕೆಂಡ್ ಹ್ಯಾಂಡೋ?

ತಮ್ಮಾ, ನೀನು ಅಣ್ಣ ಅಂತ ಕರೆದಿದ್ದೀಯ, ಹಾಗಾಗಿ ಬಹುವಚನ ಬಿಟ್ಟು ಬರೆಯುತ್ತಿದ್ದೇನೆ. ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದಿದ್ದೀಯ. ಊರಿಂದ ತಂದ ನಿಕಾನ್ ಡಿ7000 ಕೈಕೊಟ್ಟಿದೆ, 50 ಎಂಎಂ 1.8ಡಿ ಲೆನ್ಸ್ ಮಾತ್ರ ಚೆನ್ನಾಗಿದೆ. ಸಾವಿರ ಯೂರೋ ಒಳಗೆ ಹೊಸ ಕ್ಯಾಮೆರಾ ತಗೊಳ್ಳಲಾ, ಸೆಕೆಂಡ್ ಹ್ಯಾಂಡ್ ತಗೊಳ್ಳಲಾ, ಇಲ್ಲಿ ಸೆಕೆಂಡ್ ಹ್ಯಾಂಡ್ ನಂಬಬಹುದಾ ಅಂತ ಕೇಳಿದ್ದೀಯ.

ಸೆಕೆಂಡ್ ಹ್ಯಾಂಡ್ ತಗೋ. ಆದರೆ ಅಂಗಡಿಯಿಂದಲೇ ತಗೋ.

ಊರಲ್ಲಾದರೆ ಪರಿಚಯದವರ ಮಾತೇ ಗ್ಯಾರಂಟಿ. ಇಲ್ಲಿ ಬಿಲ್ ಇದ್ದರೆ ಕಾನೂನು ನಿನ್ನ ಬೆನ್ನಿಗಿರುತ್ತದೆ. ಹೊಸ ಸಾಮಾನಿನ ದೋಷಕ್ಕೆ ಅಂಗಡಿಯವರು ಎರಡು ವರ್ಷ ಹೊಣೆ. ಬಳಸಿದ ಸಾಮಾನಿಗೆ ಅದನ್ನು ಒಂದು ವರ್ಷಕ್ಕೆ ಇಳಿಸಬಹುದು, ಅದೂ ನಿನಗೆ ಮೊದಲೇ ತಿಳಿಸಿ ಒಪ್ಪಿಸಿದರೆ ಮಾತ್ರ. 2022ರಿಂದ ಇನ್ನೊಂದು ಅನುಕೂಲ ಆಗಿದೆ. ಕೊಂಡ ಒಂದು ವರ್ಷದೊಳಗೆ ದೋಷ ಕಂಡರೆ, ಮಾರುವಾಗ ಅದು ಇರಲಿಲ್ಲ ಅಂತ ಅಂಗಡಿಯವರೇ ತೋರಿಸಬೇಕು. ಮೊದಲು ಇದಕ್ಕೆ ಆರೇ ತಿಂಗಳಿತ್ತು. ಅಂಗಡಿಯಿಂದ ಆನ್‌ಲೈನ್‌ನಲ್ಲಿ ತರಿಸಿದರೆ 14 ದಿನದೊಳಗೆ ಕಾರಣ ಹೇಳದೆ ವಾಪಸ್ ಕೊಡಬಹುದು. ಬಳಸಿದ ಕ್ಯಾಮೆರಾಕ್ಕೂ ಇದು ಅನ್ವಯಿಸುತ್ತದೆ.

ಜನ ತಮ್ಮ ಹಳೆಯ ಸಾಮಾನು ಮಾರುವ ಕ್ಲೈನ್‌ಆನ್‌ತ್ಸೈಗನ್ ಅನ್ನುವ ಜಾಹೀರಾತು ಸೈಟಿನಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಜಾಹೀರಾತಿನ ಕೊನೆಯ ಸಾಲು ಓದು. ‘ಖಾಸಗಿ ಮಾರಾಟ, ಹೊಣೆ ಇಲ್ಲ, ವಾಪಸ್ ಇಲ್ಲ’ ಅಂತ ಹೆಚ್ಚುಕಮ್ಮಿ ಎಲ್ಲರೂ ಬರೆದಿರುತ್ತಾರೆ. ಖಾಸಗಿಯವರು ಹಾಗೆ ಬರೆಯುವುದಕ್ಕೆ ಕಾನೂನಿನಲ್ಲಿ ಅವಕಾಶ ಇದೆ. ಪೇಪಾಲ್‌ನಲ್ಲಿ ‘ಸ್ನೇಹಿತರಿಗೆ’ ಅನ್ನುವ ಆಯ್ಕೆಯಲ್ಲಿ ದುಡ್ಡು ಕಳಿಸು ಅಂದರೆ ಅಲ್ಲಿಗೇ ಬಿಟ್ಟುಬಿಡು, ಅದರಲ್ಲಿ ಕೊಳ್ಳುವವನಿಗೆ ರಕ್ಷಣೆ ಇಲ್ಲ. ಜರ್ಮನ್ ಸ್ವಲ್ಪ ಬಂದಮೇಲೆ, ಎದುರಿಗೆ ನಿಂತು ನೋಡಿ ನಗದು ಕೊಡುವ ಹಾಗಿದ್ದರೆ ಪ್ರಯತ್ನಿಸು.

ಯಾವುದು ತಗೋಬೇಕು ಅನ್ನುವುದನ್ನು ನಿನ್ನ ಆ 50 ಎಂಎಂ ಲೆನ್ಸೇ ಅರ್ಧ ತೀರ್ಮಾನ ಮಾಡುತ್ತದೆ. 1.8ಡಿ ಒಳಗೆ ಮೋಟಾರ್ ಇಲ್ಲ, ತಾನಾಗಿ ಫೋಕಸ್ ಆಗಬೇಕಾದರೆ ಕ್ಯಾಮೆರಾ ಬಾಡಿಯಲ್ಲೇ ಮೋಟಾರ್ ಇರಬೇಕು. ಡಿ7000ನಲ್ಲಿತ್ತು. ಡಿ7200, ಡಿ750ಯಲ್ಲೂ ಇದೆ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ನಿಕಾನ್ ಝಡ್6 ತಗೊಂಡು ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ ಲೆನ್ಸ್ ಕೂರುತ್ತದೆ, ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕು. ಎಲ್ಲರೂ ಮಿರರ್‌ಲೆಸ್ ಹಿಂದೆ ಬಿದ್ದಿದ್ದಾರೆ, ಅದಕ್ಕೇ 2014ರ ಡಿ750 ಈಗ ಅಗ್ಗ. ಫುಲ್ ಫ್ರೇಮ್ (ಅಂದರೆ ಡಿ7000ಕ್ಕಿಂತ ದೊಡ್ಡ ಸೆನ್ಸರ್), 24 ಮೆಗಾಪಿಕ್ಸೆಲ್. ಭಾರ ಮಾತ್ರ ಬ್ಯಾಟರಿ ಸೇರಿ 840 ಗ್ರಾಂ. ಝಡ್6 ಸುಮಾರು 675 ಗ್ರಾಂ, ಕೈ ನಡುಕ ತಡೆಯುವ ಸ್ಟೆಬಿಲೈಸೇಷನ್ ಬಾಡಿಯಲ್ಲೇ ಇದೆ. ಆದರೆ ಅದಕ್ಕೆ ಎಕ್ಸ್‌ಕ್ಯೂಡಿ ಅಥವಾ ಸಿಎಫ್‌ಎಕ್ಸ್‌ಪ್ರೆಸ್ ಅನ್ನುವ ಬೇರೆ ಬಗೆಯ ಕಾರ್ಡ್ ಬೇಕು, ನಿನ್ನ ಎಸ್‌ಡಿ ಕಾರ್ಡ್‌ಗಳು ಕೆಲಸಕ್ಕೆ ಬರುವುದಿಲ್ಲ. ಆ ಖರ್ಚನ್ನೂ ಸೇರಿಸಿ ನೋಡು. ನಾನಾದರೆ ಡಿ750 ತಗೊಂಡು ಉಳಿದ ದುಡ್ಡಿಗೆ ಒಳ್ಳೆಯ ಲೆನ್ಸ್ ನೋಡುತ್ತೇನೆ. ಒಂದು ಸಂತೋಷದ ವಿಷಯ: ಡಿ7000ನ ಬ್ಯಾಟರಿ ಈ ಎರಡರಲ್ಲೂ ನಡೆಯುತ್ತದೆ. ಚಾರ್ಜರ್ ಎಸೆಯಬೇಡ.

ಡಿ750ಗೆ ಕಂಪನಿ ಹೇಳುವ ಶಟರ್ (ಪ್ರತಿ ಫೋಟೋಗೂ ತೆರೆದು ಮುಚ್ಚುವ ಪರದೆ) ಆಯುಷ್ಯ 1,50,000 ಕ್ಲಿಕ್. ಎಷ್ಟು ಓಡಿದೆ ಅಂತ ಅಂಗಡಿಯವರೇ ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ಒಂದು ಫೋಟೋ ತೆಗೆದು ಫೈಲಿನ ಮಾಹಿತಿಯಲ್ಲಿ ನೋಡು, ನಿಕಾನ್‌ನಲ್ಲಿ ಸಿಗುತ್ತದೆ. ಈ ಮಾಡೆಲ್‌ನ ಕೆಲವು ಕ್ಯಾಮೆರಾಗಳ ಶಟರ್‌ನಲ್ಲಿ ದೋಷ ಇದ್ದದ್ದರಿಂದ ಕಂಪನಿ ವಾಪಸ್ ಕರೆಸಿ ಸರಿ ಮಾಡಿಕೊಟ್ಟಿತ್ತು. ನಿಕಾನ್ ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿಕೋ.

ಲೆನ್ಸ್ ನೋಡುವಾಗ ಎರಡೂ ಕಡೆ ಮುಚ್ಚಳ ತೆಗೆದು, ಅಪರ್ಚರ್ (ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಫೋನಿನ ಟಾರ್ಚ್ ಬಿಡು. ಸ್ವಲ್ಪ ಓರೆಯಾಗಿ ಹಿಡಿ. ಒಳಗೆ ಧೂಳಿನ ಕಣ ನಾಲ್ಕಾರು ಇದ್ದರೆ ಏನೂ ಆಗುವುದಿಲ್ಲ. ಅಂಚಿನಿಂದ ಸಣ್ಣ ಬಿಳಿ ಎಳೆಗಳು ಹರಡಿದ್ದರೆ ಅದು ಫಂಗಸ್, ವಾಪಸ್ ಇಟ್ಟುಬಿಡು. ನಿನ್ನ 50 ಎಂಎಂ ಮಲೆನಾಡಿನ ಮಳೆಗಾಲ ಕಂಡಿದ್ದರೆ ಮೊದಲು ಅದನ್ನೇ ಹೀಗೆ ನೋಡು. ಸೆನ್ಸರ್ ನೋಡುವುದಕ್ಕೆ, ಅಪರ್ಚರ್ ಎಫ್16ಕ್ಕೆ ಕಿರಿದು ಮಾಡಿ ಬಿಳಿ ಗೋಡೆಯದೊಂದು ಫೋಟೋ ಸಾಕು. ಕಲೆ ಇದ್ದರೆ ಕಾಣುತ್ತದೆ.

ಹೊಸದೇ ತಗೋಬೇಕಾದದ್ದು ಕಾರ್ಡ್ ಮತ್ತು ಇನ್ನೊಂದು ಬ್ಯಾಟರಿ. ಇಲ್ಲಿನ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಒಂದನ್ನು ಜಾಕೆಟ್‌ನ ಒಳಜೇಬಿನಲ್ಲಿ ಇಟ್ಟುಕೋ. ಬಾಡಿ ಹೊಸದಕ್ಕೂ ಹಳೆಯದಕ್ಕೂ ಬೆಲೆಯಲ್ಲಿ ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ವ್ಯತ್ಯಾಸ ಇದ್ದರೆ ಸುಮ್ನೆ ಹೊಸದು ತಗೋ. ನವೆಂಬರ್ ಕೊನೆಯ ಆಫರ್‌ಗಳಲ್ಲಿ ಹೀಗಾಗುವುದುಂಟು. ಹಾಂ, ದುಬಾರಿ ಲೈಕಾ ಕ್ಯಾಮೆರಾದ ಅಂಗಡಿ ಕಡೆ ಈಗಲೇ ತಲೆ ಹಾಕಬೇಡ. ಅದು ಹುಟ್ಟಿದ ವೆಟ್ಸ್ಲಾರ್ ಊರಿಗೆ ಬೇಕಾದರೆ ರೈಲಿನಲ್ಲಿ ಹೋಗಿ ನೋಡಿಕೊಂಡು ಬಾ.

ಬಿಲ್ ಜೋಪಾನ. ಊರಿಗೆ ಹೋಗಿ ವಿಮಾನದಲ್ಲಿ ವಾಪಸ್ ಬರುವಾಗ ಹೊರಗೆ ಕೊಂಡ ಸಾಮಾನು 430 ಯೂರೋ ಮೀರಿದರೆ ಕಸ್ಟಮ್ಸ್‌ಗೆ ತಿಳಿಸಬೇಕು. ಕುತ್ತಿಗೆಯಲ್ಲಿ ಕ್ಯಾಮೆರಾ ಕಂಡರೆ ಎಲ್ಲಿ ತಗೊಂಡಿದ್ದು ಅಂತ ಕೇಳಬಹುದು. ಇಲ್ಲಿನ ಬಿಲ್‌ನ ಫೋಟೋ ಫೋನಿನಲ್ಲಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. ನೀನು ಜಾಸ್ತಿ ತೆಗೆಯುವುದು ಬೆಟ್ಟವೋ, ಹಕ್ಕಿಯೋ, ಮನುಷ್ಯರೋ ಅಂತ ಬರೆಯಲಿಲ್ಲ. ಅದನ್ನು ತಿಳಿಸು, ಲೆನ್ಸ್ ಬಗ್ಗೆ ಆಮೇಲೆ ಹೇಳುತ್ತೇನೆ.